ಉಸಿರು ನಿಲ್ಲಿಸಿತೋ, ಕಾಲು ನಿಲ್ಲಿಸಿತೋ? ಸಿಒಪಿಡಿ ಇರುವ ಒಬ್ಬರ ಸೈಕಲ್ ವ್ಯಾಯಾಮದ ಪ್ರಕರಣ

ಸಿಒಪಿಡಿ ಅಂದರೆ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರದ ದೀರ್ಘಕಾಲದ ಕಾಯಿಲೆ. ಈ ಕಾಯಿಲೆ ಇರುವವರಿಗೆ ಸೈಕಲ್ ತುಳಿಯಿರಿ ಅಂದರೆ ಬಹಳ ಜನ ಕೇಳುವ ಪ್ರಶ್ನೆ ಒಂದೇ: "ನಾಲ್ಕು ಹೆಜ್ಜೆ ಇಟ್ಟರೇ ಮೇಲುಸಿರು ಬರುತ್ತೆ, ಸೈಕಲ್ ಹೇಗೆ ತುಳಿಯಲಿ?" ನ್ಯಾಯವಾದ ಪ್ರಶ್ನೆ. ಬರೀ ಧೈರ್ಯದ ಮಾತು ಹೇಳಿ ಕಳಿಸಿದರೆ ಅದಕ್ಕೆ ಉತ್ತರ ಕೊಟ್ಟ ಹಾಗಾಗುವುದಿಲ್ಲ. ಪೆಡಲ್ ತುಳಿಯುವಾಗ ಎದೆಯೊಳಗೆ ಏನಾಗುತ್ತದೆ, ತೊಡೆಯಲ್ಲಿ ಏನಾಗುತ್ತದೆ ಅಂತ ಬಿಡಿಸಿ ನೋಡಬೇಕು.

ಶ್ವಾಸಕೋಶ ಪುನಶ್ಚೇತನ ವಿಭಾಗದಲ್ಲಿ ನಾವು ನೋಡಿಕೊಂಡ ಒಬ್ಬರ ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಫಿಸಿಯೋಥೆರಪಿ ಕಲಿಯುವವರಿಗೂ, ಈ ಕಾಯಿಲೆ ಇರುವವರ ಮನೆಯವರಿಗೂ ಇದು ಉಪಯೋಗಕ್ಕೆ ಬರಲಿ ಅನ್ನುವುದು ನನ್ನ ಆಸೆ.

ಹಿನ್ನೆಲೆ

ಅವರಿಗೆ 63 ವರ್ಷ. ಮೂರು ದಶಕ ಸಿಗರೇಟು ಸೇದಿ, ಕೆಲವು ವರ್ಷಗಳ ಹಿಂದೆ ಪೂರ್ತಿ ಬಿಟ್ಟಿದ್ದರು. ಎತ್ತರ 166 ಸೆಂಟಿಮೀಟರ್, ತೂಕ 54 ಕಿಲೋ. ಎದೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವರ ತೊಡೆ. ಪ್ಯಾಂಟಿನೊಳಗೆ ಕಾಲು ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಸೊರಗಿತ್ತು.

ಕಾಯಿಲೆ ಒಂದೇ ಸಲ ಅವರನ್ನು ಮಲಗಿಸಿರಲಿಲ್ಲ. ಮೊದಲು ಮೆಟ್ಟಿಲು ಹತ್ತುವುದು ಬಿಟ್ಟರು. ಆಮೇಲೆ ಸಂಜೆ ನಡೆಯಲು ಹೋಗುವುದು ನಿಂತಿತು. ಕೊನೆಗೆ ಕೂತು ಸ್ನಾನ ಮಾಡುವ ಮಟ್ಟಕ್ಕೆ ಬಂದರು. ಉಸಿರು ಬಿಗಿಯುತ್ತದೆ ಅಂತ ಓಡಾಟ ಕಡಿಮೆ ಮಾಡಿದರು. ಓಡಾಟ ಕಡಿಮೆಯಾದಷ್ಟೂ ಮಾಂಸಖಂಡ ಕರಗಿತು. ಮಾಂಸಖಂಡ ಕರಗಿದಷ್ಟೂ ಸಣ್ಣ ಕೆಲಸಕ್ಕೇ ಉಸಿರು ಬಿಗಿಯತೊಡಗಿತು. ಈ ಸುತ್ತು ವರ್ಷಗಟ್ಟಲೆ ನಡೆದಿತ್ತು.

ಸ್ಪೈರೋಮೆಟ್ರಿಯಲ್ಲಿ, ಅಂದರೆ ಜೋರಾಗಿ ಊದಿಸಿ ಗಾಳಿ ಅಳೆಯುವ ಪರೀಕ್ಷೆಯಲ್ಲಿ, ಮೊದಲ ಒಂದು ಸೆಕೆಂಡಿನಲ್ಲಿ ಊದಿದ ಗಾಳಿ 1.05 ಲೀಟರ್ ಇತ್ತು. ಅವರ ವಯಸ್ಸು, ಎತ್ತರದವರಲ್ಲಿ ಇರಬೇಕಾದದ್ದರ 38 ಶೇಕಡಾ ಅದು. ಪೂರ್ತಿ ಊದಿದಾಗ ಬಂದ ಗಾಳಿ 2.45 ಲೀಟರ್. ಎರಡರ ಅನುಪಾತ 0.43. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಈ ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಅಂತ ಹೇಳುತ್ತಾರೆ. ಮೊದಲ ಸೆಕೆಂಡಿನ ಗಾಳಿ ಇರಬೇಕಾದದ್ದರ 30ರಿಂದ 49 ಶೇಕಡಾ ಅಂದರೆ ನಾಲ್ಕು ಹಂತಗಳಲ್ಲಿ ಮೂರನೆಯದು, ತೀವ್ರ ಹಂತ. ಇಸಿಜಿ ಮತ್ತು ಹೃದಯದ ಎಕೋ ಸ್ಕ್ಯಾನ್ ಸರಿಯಾಗಿದ್ದವು. ಎದೆನೋವಿನ ತೊಂದರೆ ಇರಲಿಲ್ಲ. ಇವನ್ನು ನೋಡದೆ ಇಂಥವರನ್ನು ಸೈಕಲ್ ಮೇಲೆ ಕೂರಿಸುವುದು ಸರಿಯಲ್ಲ.

ಮೊದಲ ತೀರ್ಮಾನ: ಪರೀಕ್ಷೆ ಮುಂದೂಡುವುದು

ಇನ್ಹೇಲರ್ ತೋರಿಸಿ ಅಂದೆವು. ಅವರು ಮೊದಲು ಒತ್ತಿ, ಆಮೇಲೆ ಉಸಿರೆಳೆದುಕೊಂಡರು. ಔಷಧಿಯಲ್ಲಿ ಜಾಸ್ತಿ ಭಾಗ ಬಾಯಿ, ಗಂಟಲಲ್ಲೇ ಉಳಿಯುತ್ತಿತ್ತು. ದಿನಾ ತೆಗೆದುಕೊಳ್ಳಬೇಕಾದ ದೀರ್ಘಾವಧಿಯ ಔಷಧಿಯನ್ನೂ ತೊಂದರೆಯಾದ ದಿನ ಮಾತ್ರ ಬಳಸುತ್ತಿದ್ದರು. "ಸುಮ್ನೆ ಯಾಕೆ ದಿನಾ ಔಷಧಿ ಅಂತ ಬಿಟ್ಟಿದ್ದೆ ಡಾಕ್ಟ್ರೇ" ಅಂದರು.

ಅವತ್ತೇ ಸೈಕಲ್ ಪರೀಕ್ಷೆ ಮಾಡಿಬಿಡಬಹುದಿತ್ತು. ನಮ್ಮ ತಂಡ ಬೇಡ ಅಂತ ನಿರ್ಧರಿಸಿತು. ಎದೆಯ ಡಾಕ್ಟರ್ ಔಷಧಿ ಸರಿಮಾಡಿದರು. ಇನ್ಹೇಲರ್ ಹಿಡಿಯುವುದನ್ನು ನಾವು ಮತ್ತೆ ಮತ್ತೆ ಮಾಡಿಸಿದೆವು. ಎರಡು ವಾರ ಕಳೆದ ಮೇಲೆ ಪರೀಕ್ಷೆಗೆ ಕರೆದೆವು. ಕಾರಣ ಎರಡು. ಶ್ವಾಸನಾಳ ಆದಷ್ಟೂ ಹಿಗ್ಗಿದ್ದರೆ ವ್ಯಾಯಾಮಕ್ಕೆ ಅಷ್ಟು ಜಾಗ ಸಿಗುತ್ತದೆ. ಇನ್ನೊಂದು, ಮುಂದೆ ಸುಧಾರಣೆ ಕಂಡರೆ ಅದು ಔಷಧಿಯದೋ ವ್ಯಾಯಾಮದ್ದೋ ಅನ್ನುವ ಗೊಂದಲ ಕಡಿಮೆಯಾಗುತ್ತದೆ. ಈ ಪ್ರಕರಣದಿಂದ ಏನಾದರೂ ಕಲಿಯಲು ಸಾಧ್ಯವಾಗಿದ್ದರೆ ಅದಕ್ಕೆ ಈ ಎರಡು ವಾರದ ತಾಳ್ಮೆಯೂ ಕಾರಣ.

ಪರೀಕ್ಷೆ ಏನು ಹೇಳಿತು

ಒಂದೇ ಜಾಗದಲ್ಲಿ ನಿಂತಿರುವ ಸೈಕಲ್. ಬಾಯಿಗೆ ಮಾಸ್ಕ್, ಬೆರಳಿಗೆ ಆಕ್ಸಿಮೀಟರ್, ಎದೆಗೆ ಇಸಿಜಿ ತಂತಿ. ನಿಮಿಷಕ್ಕೆ 5 ವ್ಯಾಟ್‌ನಂತೆ ಭಾರ ಏರಿಸುತ್ತಾ ಹೋದೆವು. 50 ವ್ಯಾಟ್ ಮುಟ್ಟಿದಾಗ ಕೈ ಎತ್ತಿದರು.

ನಿಲ್ಲಿಸಿದ ಹೊತ್ತಿನಲ್ಲಿ ನಿಮಿಷಕ್ಕೆ 39 ಲೀಟರ್ ಗಾಳಿ ಆಡುತ್ತಿತ್ತು. ಒಬ್ಬರು ಹೆಚ್ಚೆಂದರೆ ಎಷ್ಟು ಗಾಳಿ ಆಡಿಸಬಲ್ಲರು ಅಂತ ಅಂದಾಜು ಮಾಡಲು ಮೊದಲ ಸೆಕೆಂಡಿನ ಗಾಳಿಯನ್ನು 40ರಿಂದ ಗುಣಿಸುವುದು ರೂಢಿ. ಇವರಿಗೆ ಅದು 42 ಲೀಟರ್. ಅಂದರೆ ಉಸಿರಾಟ ಬಹುತೇಕ ತನ್ನ ಮಿತಿ ಮುಟ್ಟಿತ್ತು. ಹೃದಯ ಬಡಿತ 124. ವಯಸ್ಸಿನ ಲೆಕ್ಕದಲ್ಲಿ 157ರವರೆಗೂ ಹೋಗಬಹುದಿತ್ತು. ಆರೋಗ್ಯವಂತರು ಸೈಕಲ್ ತುಳಿದು ಸುಸ್ತಾಗಿ ನಿಂತಾಗ ಹೃದಯ ತನ್ನ ಮಿತಿಯ ಹತ್ತಿರ ಇರುತ್ತದೆ, ಉಸಿರಾಟದಲ್ಲಿ ಇನ್ನೂ ಜಾಗ ಉಳಿದಿರುತ್ತದೆ. ಇವರಲ್ಲಿ ಅದು ತಿರುಗುಮುರುಗಾಗಿತ್ತು.

ಇನ್ನೊಂದು ಅಳತೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮಾಮೂಲಿ ಉಸಿರು ಬಿಟ್ಟ ಮೇಲೆ ಎಷ್ಟು ಗಾಳಿ ಒಳಗೆ ಎಳೆದುಕೊಳ್ಳಬಹುದು ಅನ್ನುವ ಅಳತೆ ಅದು. ಕೂತಿದ್ದಾಗ 1.9 ಲೀಟರ್ ಇತ್ತು. 50 ವ್ಯಾಟ್‌ನಲ್ಲಿ 1.4ಕ್ಕೆ ಇಳಿಯಿತು. ಅರ್ಧ ಲೀಟರ್ ಜಾಗ ಎಲ್ಲಿ ಹೋಯಿತು? ಶ್ವಾಸನಾಳ ಕಿರಿದಾಗಿರುವವರಿಗೆ ಗಾಳಿ ಹೊರಗೆ ಹೋಗಲು ಸಮಯ ಬೇಕು. ವ್ಯಾಯಾಮದಲ್ಲಿ ಉಸಿರಾಟದ ವೇಗ ಹೆಚ್ಚುತ್ತದೆ, ಆ ಸಮಯ ಸಿಗುವುದಿಲ್ಲ. ಹಳೆಯ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಹೊಸ ಉಸಿರು ಶುರುವಾಗುತ್ತದೆ. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದರೆ ಬಸ್ಸಿನ ಗತಿ ಏನಾಗುತ್ತದೋ, ಎದೆಯ ಗತಿ ಆಗ ಅದೇ. ಪ್ರತಿ ಉಸಿರಿಗೂ ಸ್ವಲ್ಪ ಸ್ವಲ್ಪ ಗಾಳಿ ಒಳಗೇ ಉಳಿದು ಎದೆ ಉಬ್ಬಿಕೊಳ್ಳುತ್ತದೆ. ಉಬ್ಬಿದ ಎದೆಯಲ್ಲಿ ವಪೆ (ಎದೆ, ಹೊಟ್ಟೆಯ ನಡುವೆ ಇರುವ ಉಸಿರಾಟದ ಮುಖ್ಯ ಸ್ನಾಯು) ಚಪ್ಪಟೆಯಾಗಿ ಅದರ ಎಳೆಯುವ ಶಕ್ತಿ ಕುಗ್ಗುತ್ತದೆ. ಒಳಗಿನ ಒತ್ತಡ ಹೆಚ್ಚಿ ಹೃದಯಕ್ಕೆ ವಾಪಸ್ ಬರುವ ರಕ್ತಕ್ಕೂ ಅಡ್ಡಿಯಾಗಬಹುದು. "ಗಾಳಿ ಒಳಗೆ ಹೋಗ್ತಾನೇ ಇಲ್ಲ" ಅಂತ ರೋಗಿ ಹೇಳುತ್ತಾರೆ. ನಿಜಕ್ಕೂ ತೊಂದರೆ ಇರುವುದು ಹೊರಗೆ ಹೋಗುವುದರಲ್ಲಿ.

ಇಷ್ಟು ನೋಡಿ ಶ್ವಾಸಕೋಶವೇ ಇವರನ್ನು ನಿಲ್ಲಿಸಿತು ಅಂತ ವರದಿ ಬರೆದು ಮುಗಿಸಬಹುದಿತ್ತು. ಆದರೆ ನಾವು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತೇವೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ರೂಪಿಸಿದ ಸೊನ್ನೆಯಿಂದ ಹತ್ತರವರೆಗಿನ ಮಾಪನ ಇದಕ್ಕೆ ಬೇಕು. ಉಸಿರಿನ ಕಷ್ಟ ಎಷ್ಟು? ಕಾಲಿನ ಕಷ್ಟ ಎಷ್ಟು? ಉಸಿರಿಗೆ 6 ಅಂದರು. ಕಾಲಿಗೆ 8.

"ಏನು ನಿಲ್ಲಿಸ್ತು ಸರ್?"

ಸ್ವಲ್ಪ ಯೋಚಿಸಿ ಹೇಳಿದರು: "ದಮ್ಮು ಬಂದೇ ಬಂತು. ಆದ್ರೆ ತೊಡೆ ಉರಿಯೋಕೆ ಶುರುವಾಯ್ತು ನೋಡಿ, ಇನ್ನೊಂದು ಸುತ್ತು ತುಳಿಯೋಕೆ ಆಗ್ಲಿಲ್ಲ."

ಇಷ್ಟು ವರ್ಷ ಯಾರೂ ಅವರ ಕಾಲಿನ ಬಗ್ಗೆ ಕೇಳಿರಲಿಲ್ಲ. ಇದು ಹೊಸ ಸಂಗತಿಯೇನಲ್ಲ. ಕೀರನ್ ಕಿಲಿಯನ್ ಮತ್ತು ಜೊತೆಗಾರರು 1992ರಲ್ಲೇ ಇದನ್ನು ತೋರಿಸಿದ್ದರು. ಶ್ವಾಸನಾಳದ ಕಾಯಿಲೆ ಇರುವ ಬಹಳ ಮಂದಿಗೆ ಸೈಕಲ್ ಮೇಲೆ ಕಾಲಿನ ಶ್ರಮ ಉಸಿರಿನ ಕಷ್ಟದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ ಅಂತ ಆ ಅಧ್ಯಯನ ಹೇಳಿತು. ಸಿಒಪಿಡಿಯಲ್ಲಿ ತೊಡೆಯ ಸ್ನಾಯು ಬರೀ ಸಣ್ಣದಾಗುವುದಿಲ್ಲ, ಅದರ ಜಾತಿಯೇ ಬದಲಾಗುತ್ತದೆ. ಆಮ್ಲಜನಕ ಬಳಸಿ ಬಹಳ ಹೊತ್ತು ದುಡಿಯಬಲ್ಲ ಎಳೆಗಳು ಕಡಿಮೆಯಾಗಿ, ಬೇಗ ದಣಿಯುವ ಎಳೆಗಳ ಪಾಲು ಹೆಚ್ಚುತ್ತದೆ. ಹಾಗಾಗಿ ಸ್ನಾಯು ಜೋರಾಗಿ ದುಡಿದಾಗ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಅನ್ನುವ ವಸ್ತು ಸಣ್ಣ ಭಾರಕ್ಕೇ ಏರುತ್ತದೆ.

ಕಾಲಿನ ತೊಂದರೆ ಉಸಿರಿನ ತೊಂದರೆಯಾಗಿ ಬದಲಾಗುವುದು ಇಲ್ಲೇ. ಲ್ಯಾಕ್ಟೇಟ್ ಜೊತೆಗೆ ಬರುವ ಆಮ್ಲವನ್ನು ರಕ್ತ ಸರಿದೂಗಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಗೆ ಹಾಕಲು ದೇಹ ಇನ್ನೂ ಜಾಸ್ತಿ ಉಸಿರಾಡಬೇಕು. ಮಿತಿ ಮುಟ್ಟಿರುವ ಶ್ವಾಸಕೋಶಕ್ಕೆ ದುರ್ಬಲ ಕಾಲು ಇನ್ನಷ್ಟು ಹೊರೆ ಹೇರುತ್ತದೆ. ಇದನ್ನು ತಿರುಗಿಸಿ ನೋಡಿದರೆ ಒಂದು ದಾರಿ ಕಾಣುತ್ತದೆ, ಅಲ್ವಾ? ಶ್ವಾಸಕೋಶವನ್ನು ನಾವು ಸರಿಮಾಡಲಾರೆವು. ಕಾಲನ್ನು ಸರಿಮಾಡಬಹುದು.

ನಡಿಗೆ ಬೇರೆಯೇ ಕಥೆ ಹೇಳಿತು

ಸೈಕಲ್ ಮೇಲೆ ಅವರ ಆಮ್ಲಜನಕದ ಮಟ್ಟ 95ರಿಂದ 92 ಶೇಕಡಾಕ್ಕೆ ಇಳಿದಿತ್ತು, ಅಷ್ಟೇ. ಬೇರೆ ದಿನ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿದೆವು. 330 ಮೀಟರ್ ನಡೆದರು. ಆಮ್ಲಜನಕ 85ಕ್ಕೆ ಕುಸಿಯಿತು.

ಒಂದೇ ಮನುಷ್ಯ, ಒಂದೇ ಶ್ವಾಸಕೋಶ. ಆದರೂ ಇಷ್ಟು ವ್ಯತ್ಯಾಸ ಸಿಒಪಿಡಿಯಲ್ಲಿ ಆಗಾಗ ಕಾಣುತ್ತದೆ. ಸೈಕಲ್ ತುಳಿಯುವಾಗ ಹೊರೆಯೆಲ್ಲ ತೊಡೆಯ ಮುಂಭಾಗದ ಮೇಲೆ ಬೀಳುತ್ತದೆ. ಅಲ್ಲಿ ಬೇಗ ಏರುವ ಲ್ಯಾಕ್ಟೇಟ್ ಉಸಿರಾಟವನ್ನು ಕೆರಳಿಸುತ್ತದೆ, ಜಾಸ್ತಿ ಗಾಳಿ ಆಡುತ್ತದೆ, ಆಮ್ಲಜನಕ ಅಷ್ಟಾಗಿ ಇಳಿಯುವುದಿಲ್ಲ. ನಡಿಗೆಯಲ್ಲಿ ಕೆಲಸ ಬಹಳ ಸ್ನಾಯುಗಳಿಗೆ ಹಂಚಿಹೋಗುತ್ತದೆ. ಉಸಿರಾಟ ಅಷ್ಟು ಕೆರಳುವುದಿಲ್ಲ, ಆಮ್ಲಜನಕ ಮಾತ್ರ ಕುಸಿಯುತ್ತದೆ. ಆದ್ದರಿಂದ ಸೈಕಲ್ ಪರೀಕ್ಷೆಯೊಂದನ್ನೇ ನೋಡಿ "ಆಮ್ಲಜನಕ ಚೆನ್ನಾಗಿದೆ, ಎಷ್ಟು ಬೇಕಾದರೂ ನಡೆಯಿರಿ" ಅಂತ ಹೇಳುವಂತಿಲ್ಲ.

ಮನೆಗೆ ಆಮ್ಲಜನಕದ ಯಂತ್ರ ಕೊಡಬೇಕೇ ಅನ್ನುವ ಚರ್ಚೆ ಬಂತು. ಅವರ ಹೆಂಡತಿಗೆ ಅದು ಬೇಕಿತ್ತು. ಕೂತಿರುವಾಗ 95 ಇರುವ ಇವರಿಗೆ ಬೇಡ ಅಂತ ಡಾಕ್ಟರ್ ತೀರ್ಮಾನಿಸಿದರು. 2016ರಲ್ಲಿ ಪ್ರಕಟವಾದ ದೊಡ್ಡದೊಂದು ಅಮೆರಿಕನ್ ಪ್ರಯೋಗದಲ್ಲಿ, ವಿಶ್ರಾಂತಿಯಲ್ಲಿ ಸ್ವಲ್ಪ ಇಳಿಯುವ ಅಥವಾ ವ್ಯಾಯಾಮದಲ್ಲಿ ಮಾತ್ರ ಇಳಿಯುವ ಸಿಒಪಿಡಿ ರೋಗಿಗಳಿಗೆ ದೀರ್ಘಕಾಲ ಆಮ್ಲಜನಕ ಕೊಟ್ಟರೂ ಆಯುಷ್ಯ ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ. ಅದರ ಬದಲು ನಾವು ಸೈಕಲ್ಲನ್ನೇ ಮುಖ್ಯ ವ್ಯಾಯಾಮ ಮಾಡಿಕೊಂಡೆವು. ನಡಿಗೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿದೆವು. ಬೆರಳಲ್ಲಿ ಆಕ್ಸಿಮೀಟರ್, 88 ತೋರಿಸಿದರೆ ನಿಲ್ಲುವುದು, ಏರಿದ ಮೇಲೆ ಮತ್ತೆ ಹೊರಡುವುದು. ಹೆಂಡತಿಗೆ ಇದನ್ನು ಕೂರಿಸಿ ವಿವರಿಸಿದೆವು. "ಯಂತ್ರ ಕೊಡಲ್ಲ ಅಂದ್ರೆ ಕೈಬಿಟ್ರು ಅಂದ್ಕೊಂಡಿದ್ದೆ" ಅಂದರು ಆಕೆ. ಈ ಮಾತನ್ನು ಕೇಳಿಸಿಕೊಳ್ಳಲು ಸಮಯ ಇಟ್ಟುಕೊಳ್ಳಬೇಕು.

ಮೊದಲ ಯೋಜನೆ ನಡೆಯಲಿಲ್ಲ

ವಾರಕ್ಕೆ ಮೂರು ದಿನ, ಗರಿಷ್ಠದ 60 ಶೇಕಡಾ ಭಾರ ಅಂದರೆ 30 ವ್ಯಾಟ್, ನಿಲ್ಲಿಸದೆ 20 ನಿಮಿಷ. ಬಹಳ ಕಡೆ ಶುರುಮಾಡುವುದು ಹೀಗೆಯೇ. ಇವರು ಏಳು ನಿಮಿಷಕ್ಕೆ ನಿಂತರು. ವಿಶ್ರಾಂತಿ ಕೊಟ್ಟು ಮತ್ತೆ ಶುರುಮಾಡಿದರೆ ನಾಲ್ಕು ನಿಮಿಷ. ಎರಡು ವಾರವಾದರೂ ಅಲ್ಲಿಂದ ಮುಂದೆ ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದು, ಹೆದರಿಕೆ ಶುರುವಾಯಿತು. ಸೈಕಲ್ ಹತ್ತುವ ಮೊದಲೇ ಉಸಿರಾಟ ವೇಗವಾಗುತ್ತಿತ್ತು. ಹಾಗೆ ಹತ್ತಿದರೆ ಎದೆ ಆಗಲೇ ಅರ್ಧ ಉಬ್ಬಿರುತ್ತದೆ.

ತಂಡದಲ್ಲಿ ಎರಡು ಅಭಿಪ್ರಾಯ ಬಂತು. ಒಂದು, ಭಾರ 15 ವ್ಯಾಟ್‌ಗೆ ಇಳಿಸಿ ಹೇಗೋ 20 ನಿಮಿಷ ತುಂಬಿಸುವುದು. ಇನ್ನೊಂದು, ಭಾರ ಏರಿಸಿ ಸಮಯವನ್ನು ತುಂಡು ಮಾಡುವುದು. ಮೊದಲನೆಯದು ಕೇಳಲು ಸುರಕ್ಷಿತ ಅನ್ನಿಸುತ್ತದೆ. ಆದರೆ ನಮಗೆ ಬದಲಿಸಬೇಕಿದ್ದದ್ದು ತೊಡೆಯ ಸ್ನಾಯು. ರಿಚರ್ಡ್ ಕಸಾಬುರಿ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ನೆನಪಿಗೆ ಬರುತ್ತದೆ. ಸೈಕಲ್ ತರಬೇತಿಯ ನಂತರ ಅದೇ ಭಾರಕ್ಕೆ ಲ್ಯಾಕ್ಟೇಟ್ ಕಡಿಮೆಯಾಯಿತು, ಅದರೊಂದಿಗೆ ಉಸಿರಾಟದ ಹೊರೆಯೂ ಇಳಿಯಿತು. ಹೆಚ್ಚಿನ ಭಾರದಲ್ಲಿ ತರಬೇತಿ ಪಡೆದವರಲ್ಲಿ ಈ ಲಾಭ ಜಾಸ್ತಿ ಇತ್ತು. 15 ವ್ಯಾಟ್‌ನಲ್ಲಿ ಸ್ನಾಯುವಿಗೆ ಬದಲಾಗಲು ಕಾರಣವೇ ಇರುವುದಿಲ್ಲ.

ಹಾಗಾಗಿ ಎರಡನೆಯದನ್ನು ಆರಿಸಿದೆವು. 30 ಸೆಕೆಂಡು 50 ವ್ಯಾಟ್‌ನಲ್ಲಿ ತುಳಿತ, 30 ಸೆಕೆಂಡು ಪೂರ್ತಿ ವಿಶ್ರಾಂತಿ. 50 ಅಂದರೆ ಪರೀಕ್ಷೆಯಲ್ಲಿ ಅವರು ಸೋತು ನಿಂತ ಭಾರ. ಹೇಳಿದಾಗ ನನ್ನ ಮುಖವನ್ನೇ ನೋಡಿದರು. "ಮೂವತ್ತಕ್ಕೇ ಆಗ್ಲಿಲ್ಲ, ಐವತ್ತು ಹೆಂಗೆ ಡಾಕ್ಟ್ರೇ?"

"ಮೂವತ್ತೇ ಸೆಕೆಂಡು ಸರ್. ಉಸಿರು ಬಿಗಿಯೋಕೆ ಮುಂಚೆ ನಿಲ್ಲಿಸಿಬಿಡೋಣ."

30 ಸೆಕೆಂಡಿನಲ್ಲಿ ತೊಡೆಗೆ ಸಾಕಷ್ಟು ಕೆಲಸ ಬೀಳುತ್ತದೆ. ಆದರೆ ಗಾಳಿ ಸಿಕ್ಕಿಕೊಂಡು ಎದೆ ಉಬ್ಬುವಷ್ಟು ಸಮಯ ಆಗುವುದಿಲ್ಲ. ಉಬ್ಬಿದ್ದು ಸ್ವಲ್ಪ ಇದ್ದರೂ ಮುಂದಿನ 30 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಲ್ಯಾಕ್ಟೇಟ್ ಕೂಡ ಅಷ್ಟು ಶೇಖರವಾಗುವುದಿಲ್ಲ.

ಮೊದಲ ದಿನವೇ ಅವರು ನಿಲ್ಲಿಸಿ ಅನ್ನಲಿಲ್ಲ. ಎರಡನೇ ವಾರಕ್ಕೆ ಒಟ್ಟು 20 ನಿಮಿಷ ಮುಟ್ಟಿದರು. ಲೆಕ್ಕ ಹಾಕಿ ನೋಡಿ. ನಿಲ್ಲಿಸದೆ ತುಳಿಯುವ ಯೋಜನೆಯಲ್ಲಿ 30 ವ್ಯಾಟ್‌ನಲ್ಲಿ ಒಟ್ಟು 11 ನಿಮಿಷ, ಅಂದರೆ ಸುಮಾರು 20 ಕಿಲೋಜೂಲ್ ಕೆಲಸ. ತುಂಡು ಮಾಡಿದಾಗ 50 ವ್ಯಾಟ್‌ನಲ್ಲಿ ಒಟ್ಟು 10 ನಿಮಿಷ, ಅಂದರೆ 30 ಕಿಲೋಜೂಲ್. ಒಂದೂವರೆ ಪಟ್ಟು ಕೆಲಸ, ಉಸಿರಿನ ಕಷ್ಟ ಮಾತ್ರ 7ರಿಂದ 4ಕ್ಕೆ ಇಳಿದಿತ್ತು. ಇಡೀ ಪ್ರಕರಣದ ತಿರುವು ಇದೇ ಅಂತ ನಾನು ನಂಬುತ್ತೇನೆ.

ನಿಲ್ಲಿಸದೆ ತುಳಿಯಬಲ್ಲವರಿಗೆ ತುಂಡು ವ್ಯಾಯಾಮದಿಂದ ಹೆಚ್ಚಿನ ಲಾಭವೇನೂ ಇಲ್ಲ, ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ನಿಲ್ಲಿಸದೆ ತುಳಿಯಲು ಆಗದವರಿಗೆ ಮಾತ್ರ ಇದು ಬಾಗಿಲು ತೆರೆಯುತ್ತದೆ.

ಜೊತೆಗೆ ಬದಲಿಸಿದ ಸಣ್ಣಪುಟ್ಟ ಸಂಗತಿಗಳು

ಸೀಟು ತಗ್ಗಾಗಿತ್ತು. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಾತ್ರ ಬಾಗಿರಬೇಕು. ತಗ್ಗು ಸೀಟಿನಲ್ಲಿ ತೊಡೆಗೆ ವಿನಾಕಾರಣ ಶ್ರಮ ಜಾಸ್ತಿ. ಅವರು ಬೀಳುವ ಭಯಕ್ಕೆ ಸೀಟು ಇಳಿಸಿಕೊಂಡಿದ್ದರು, ಹಿಡಿಕೆಯನ್ನೂ ಗಟ್ಟಿಯಾಗಿ ಅಮುಕಿ ಹಿಡಿಯುತ್ತಿದ್ದರು. ಅಮುಕಿದಾಗೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ಕೈಗಳನ್ನು ಹಿಡಿಕೆಯ ಮೇಲೆ ಸುಮ್ನೆ ಊರಿ ಸ್ವಲ್ಪ ಮುಂದಕ್ಕೆ ಬಾಗಲು ಹೇಳಿದೆವು. ಹಾಗೆ ಬಾಗಿದಾಗ ತೋಳು, ಭುಜಕ್ಕೆ ಆಸರೆ ಸಿಗುತ್ತದೆ. ಕುತ್ತಿಗೆ ಮತ್ತು ಎದೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗಬಹುದು, ವಪೆಗೂ ಸ್ವಲ್ಪ ಅನುಕೂಲ. ಈ ರೋಗಿಗಳು ನಿಂತಲ್ಲಿ ಟೇಬಲ್, ಗೋಡೆ ಹಿಡಿದು ಬಾಗುವುದನ್ನು ನೀವು ನೋಡಿರಬಹುದು. ದೇಹ ತಾನಾಗಿಯೇ ಕಂಡುಕೊಂಡ ಉಪಾಯ ಅದು.

ತುಟಿ ಕಿರಿದು ಮಾಡಿ ಉಸಿರು ಬಿಡುವುದನ್ನು ಅವರು ಎಲ್ಲೋ ಕಲಿತಿದ್ದರು. ಆದರೆ ಮೇಣದಬತ್ತಿ ಆರಿಸುವವರ ಹಾಗೆ ಜೋರಾಗಿ ಊದುತ್ತಿದ್ದರು. ಜೋರಾಗಿ ಊದಿದರೆ ಹೊರಗಿನ ಒತ್ತಡಕ್ಕೆ ಸಡಿಲ ಶ್ವಾಸನಾಳಗಳು ಮುಚ್ಚಿಕೊಳ್ಳುತ್ತವೆ, ಗಾಳಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಮೆಲ್ಲಗೆ, ಉದ್ದಕ್ಕೆ ಬಿಡಬೇಕು. ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ಎರಡು ಪಟ್ಟು ಸಮಯ. ವಿಶ್ರಾಂತಿಯ 30 ಸೆಕೆಂಡನ್ನು ಪೂರ್ತಿ ಇದಕ್ಕೇ ಮೀಸಲಿಟ್ಟೆವು. ಬೇಗ ಕೆಲಸ ಮಾಡುವ ಇನ್ಹೇಲರನ್ನು ಡಾಕ್ಟರ್ ಒಪ್ಪಿಗೆಯ ಮೇಲೆ ವ್ಯಾಯಾಮಕ್ಕೆ ಕಾಲು ಗಂಟೆ ಮೊದಲು ತೆಗೆದುಕೊಳ್ಳತೊಡಗಿದರು. ತೂಕ ಕಡಿಮೆ ಇದ್ದದ್ದರಿಂದ ಆಹಾರ ತಜ್ಞರು ಊಟದಲ್ಲಿ ಪ್ರೋಟೀನ್ ಹೆಚ್ಚಿಸಿದರು.

ನಡುವೆ ಬಂದ ಹಿನ್ನಡೆ

ಎಲ್ಲ ಸರಿಹೋಗುತ್ತಿದ್ದಾಗ ಕಫದ ಬಣ್ಣ ಹಳದಿಗೆ ತಿರುಗಿತು, ಮೇಲುಸಿರು ಹೆಚ್ಚಿತು. ಕಾಯಿಲೆ ಉಲ್ಬಣಿಸಿತ್ತು. ಆಸ್ಪತ್ರೆ ಸೇರಬೇಕಾಗಲಿಲ್ಲ, ಐದು ದಿನ ಸ್ಟೀರಾಯ್ಡ್ ಮಾತ್ರೆ ಮತ್ತು ಆ್ಯಂಟಿಬಯೋಟಿಕ್‌ನಲ್ಲಿ ಹತೋಟಿಗೆ ಬಂತು. ಆದರೆ ಅಷ್ಟು ದಿನ ಹಾಸಿಗೆಯಲ್ಲಿ ಕಳೆದದ್ದು ತೊಡೆಯಲ್ಲಿ ಎದ್ದು ಕಾಣುತ್ತಿತ್ತು. ಕುರ್ಚಿಯಿಂದ ಏಳಲು ಮತ್ತೆ ಕೈ ಊರುತ್ತಿದ್ದರು.

ಮನೆಯವರು ಒಂದು ತಿಂಗಳು ಬಿಟ್ಟು ಬರುತ್ತೇವೆ ಅಂದರು. ಉಲ್ಬಣದ ನಂತರದ ದಿನಗಳಲ್ಲೇ ಸ್ನಾಯು ಹೆಚ್ಚು ಕಳೆದುಹೋಗುವುದು. ಅದಕ್ಕೇ ಆದಷ್ಟು ಬೇಗ ಬನ್ನಿ, ಕಡಿಮೆ ಮಾಡೋಣ, ಆದರೆ ಮಾಡೋಣ ಅಂತ ಒಪ್ಪಿಸಿದೆವು. ಜ್ವರ ಇಲ್ಲ, ಕೂತಾಗ ಆಮ್ಲಜನಕ ಮೊದಲಿನ ಮಟ್ಟಕ್ಕೆ ಬಂದಿದೆ, ಡಾಕ್ಟರ್ ಒಪ್ಪಿದ್ದಾರೆ. ಈ ಮೂರನ್ನೂ ನೋಡಿಕೊಂಡೇ ಕರೆದದ್ದು.

ಬಂದರೇನೋ ನಿಜ, ಆದರೆ 30 ಸೆಕೆಂಡಿನ ತುಳಿತವೂ ಆಗಲಿಲ್ಲ. ಆಗ ಒಂದು ಕಾಲಿನ ಸೈಕಲ್ ಪ್ರಯತ್ನಿಸಿದೆವು. ಒಂದು ಪಾದ ಪಕ್ಕದ ಸ್ಟೂಲಿನ ಮೇಲೆ, ಇನ್ನೊಂದು ಪೆಡಲ್‌ಗೆ ಪಟ್ಟಿ ಕಟ್ಟಿ ತುಳಿಯುವುದು. ಆಮೇಲೆ ಕಾಲು ಬದಲಿಸುವುದು. ಕೆನಡಾದಲ್ಲಿ ಡಾಲ್ಮೇಜ್ ಮತ್ತು ಗೋಲ್ಡ್‌ಸ್ಟೀನ್ 2008ರಲ್ಲಿ ಪ್ರಕಟಿಸಿದ ವಿಧಾನ ಇದು. ಒಂದು ಸಲಕ್ಕೆ ಅರ್ಧದಷ್ಟು ಸ್ನಾಯು ಮಾತ್ರ ದುಡಿಯುವುದರಿಂದ ಉಸಿರಾಟದ ಬೇಡಿಕೆ ಕಡಿಮೆ. ಆದರೆ ದುಡಿಯುವ ಆ ಒಂದು ಕಾಲಿಗೆ ಪೂರ್ತಿ ತರಬೇತಿ ಸಿಗುತ್ತದೆ. 20 ವ್ಯಾಟ್‌ನಲ್ಲಿ ಒಂದೊಂದು ಕಾಲಿಗೆ ಹತ್ತು ನಿಮಿಷ, ನಡುವೆ ಬಿಡುವು. "ಕಾಲು ಉರೀತಿದೆ, ದಮ್ಮು ಮಾತ್ರ ಬರ್ತಿಲ್ಲ. ಇದೇನು ಡಾಕ್ಟ್ರೇ, ತಿರುಗಾಮುರುಗಾ ಆಯ್ತು" ಅಂತ ಆಶ್ಚರ್ಯಪಟ್ಟರು. ಎರಡು ವಾರ ಹೀಗೆ ನಡೆಸಿ, ಮತ್ತೆ ಎರಡೂ ಕಾಲಿನ ತುಂಡು ವ್ಯಾಯಾಮಕ್ಕೆ ಮರಳಿದೆವು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ 65 ವ್ಯಾಟ್‌ನಲ್ಲಿ, ಬಿಡುವೂ ಸೇರಿ ಅರ್ಧ ಗಂಟೆ ಮಾಡುತ್ತಿದ್ದರು.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಕಾರ್ಯಕ್ರಮದ ಮೊದಲೂ ಕೊನೆಗೂ ಒಂದೇ ಭಾರದ ಪರೀಕ್ಷೆ ಮಾಡಿದ್ದೆವು. 40 ವ್ಯಾಟ್‌ನಲ್ಲಿ ಎಷ್ಟು ಹೊತ್ತು ತುಳಿಯಬಲ್ಲರು ಅಂತ. ಮೊದಲು 4 ನಿಮಿಷ 10 ಸೆಕೆಂಡು. ಕೊನೆಗೆ 9 ನಿಮಿಷ 30 ಸೆಕೆಂಡು. ಈ ಪರೀಕ್ಷೆಯಲ್ಲಿ ಸುಮಾರು 100 ಸೆಕೆಂಡು ಹೆಚ್ಚಿದರೆ ರೋಗಿಗೆ ಅರಿವಾಗುವಷ್ಟು ಬದಲಾವಣೆ ಅಂತ ಪರಿಗಣಿಸುತ್ತಾರೆ. ಇಲ್ಲಿ ಅದರ ಮೂರು ಪಟ್ಟು.

ನನಗೆ ಇದಕ್ಕಿಂತ ಮುಖ್ಯವಾದದ್ದು ಎರಡೂ ಪರೀಕ್ಷೆಯ ನಾಲ್ಕನೇ ನಿಮಿಷ. ಅದೇ ಭಾರ, ಅದೇ ಹೊತ್ತು. ಮೊದಲ ಸಲ ನಿಮಿಷಕ್ಕೆ 37 ಲೀಟರ್ ಗಾಳಿ ಬೇಕಾಗಿತ್ತು, ಈಗ 33 ಸಾಕಾಯಿತು. ನಿಮಿಷಕ್ಕೆ 33 ಉಸಿರು ಇದ್ದದ್ದು 27ಕ್ಕೆ ಇಳಿದು, ಒಂದೊಂದು ಉಸಿರು ದೊಡ್ಡದಾಗಿತ್ತು. ನಿಧಾನ ಉಸಿರು ಅಂದರೆ ಗಾಳಿ ಹೊರಗೆ ಹೋಗಲು ಹೆಚ್ಚು ಸಮಯ. ಎಳೆದುಕೊಳ್ಳಲು ಉಳಿದ ಜಾಗ 1.42ರಿಂದ 1.58 ಲೀಟರ್‌ಗೆ ಏರಿತ್ತು. ಲ್ಯಾಕ್ಟೇಟ್ 4.6ರಿಂದ 3.1 ಮಿಲಿಮೋಲ್‌ಗೆ ಇಳಿದಿತ್ತು. ಹೃದಯ ಬಡಿತ 121ರಿಂದ 113ಕ್ಕೆ. ಉಸಿರಿನ ಕಷ್ಟ 6 ಇದ್ದದ್ದು 3. ಕಾಲಿನ ಕಷ್ಟ 7 ಇದ್ದದ್ದು 4. ನಡಿಗೆ 330ರಿಂದ 378 ಮೀಟರ್ ಆಯಿತು. 30 ಮೀಟರ್ ಹೆಚ್ಚಿದರೇ ಅರ್ಥಪೂರ್ಣ ಅನ್ನುತ್ತಾರೆ.

ಸ್ಪೈರೋಮೆಟ್ರಿ? 1.05 ಇದ್ದದ್ದು 1.07 ಲೀಟರ್. ಯಂತ್ರದ ಏರಿಳಿತದೊಳಗಿನ ವ್ಯತ್ಯಾಸ ಅದು. ನಡೆಯುವಾಗ ಆಮ್ಲಜನಕ ಈಗಲೂ 85ಕ್ಕೆ ಇಳಿಯುತ್ತದೆ. ಶ್ವಾಸಕೋಶ ಹಾಗೆಯೇ ಇದೆ. ವರದಿ ನೋಡಿ ಅವರ ಮಗನಿಗೆ ನಿರಾಸೆಯಾಯಿತು. "ಇಷ್ಟೆಲ್ಲ ಮಾಡಿ ಏನೂ ಬದಲಾಗಿಲ್ವಲ್ಲ" ಅಂದ. ತಂದೆಯೇ ಉತ್ತರ ಕೊಟ್ಟರು: "ನಿಂತ್ಕೊಂಡು ಸ್ನಾನ ಮಾಡ್ತೀನಲ್ಲೋ, ಅದು ಯಾವ ವರದೀಲಿ ಬರುತ್ತೆ?" ಸ್ಪೈರೋಮೆಟ್ರಿ ಬದಲಾಗುವುದಿಲ್ಲ ಅನ್ನುವುದನ್ನು ಮೊದಲ ದಿನವೇ ಇಡೀ ಮನೆಯವರಿಗೆ ಹೇಳಿಬಿಡಬೇಕು. ಇಲ್ಲದಿದ್ದರೆ ಗೆದ್ದದ್ದೂ ಸೋಲಿನ ಹಾಗೆ ಕಾಣುತ್ತದೆ.

ಇದರಿಂದ ಏನು ಹೇಳಬಹುದು

ಒಬ್ಬರ ಪ್ರಕರಣದಿಂದ ಎಲ್ಲರಿಗೂ ನಿಯಮ ಮಾಡಲಾಗದು. ಎರಡನೇ ಸಲ ಪರೀಕ್ಷೆ ಮಾಡುವಾಗ ಅಭ್ಯಾಸದಿಂದಲೂ ಸ್ವಲ್ಪ ಸುಧಾರಣೆ ಬರುತ್ತದೆ. ಆದರೆ ಲ್ಯಾಕ್ಟೇಟ್ ಅಭ್ಯಾಸಕ್ಕೆ ಅಥವಾ ಧೈರ್ಯಕ್ಕೆ ಇಳಿಯುವಂಥದ್ದಲ್ಲ. ಅದು ಇಳಿದು, ಅದರ ಜೊತೆ ಗಾಳಿಯ ಬೇಡಿಕೆಯೂ ಇಳಿದದ್ದು ಸ್ನಾಯು ಬದಲಾಗಿದೆ ಅನ್ನುವುದಕ್ಕೆ ಗಟ್ಟಿ ಸುಳಿವು.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ನಾನು ಒತ್ತಿ ಹೇಳುವುದು, ಉಸಿರಿನ ಅಂಕಿ ಮತ್ತು ಕಾಲಿನ ಅಂಕಿಯನ್ನು ಪ್ರತಿ ಸಲವೂ ಬೇರೆ ಬೇರೆ ಬರೆದಿಡಿ. "ಸುಸ್ತು ಎಷ್ಟು?" ಅಂತ ಒಂದೇ ಪ್ರಶ್ನೆ ಕೇಳಿದ್ದರೆ ಇವರ ತೊಡೆಯ ವಿಷಯ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಕಾಲಿನ ಅಂಕಿ ಜಾಸ್ತಿ ಇದ್ದರೆ ಕಾಲಿನ ಬಲದ ಕಡೆ, ಸೀಟಿನ ಎತ್ತರದ ಕಡೆ ನೋಡಬೇಕು. ಉಸಿರಿನ ಅಂಕಿ ಜಾಸ್ತಿ ಇದ್ದರೆ ಇನ್ಹೇಲರ್, ವಿಶ್ರಾಂತಿಯ ಅವಧಿ, ಒಂದು ಕಾಲಿನ ತುಳಿತ ಇವುಗಳ ಕಡೆ. ರೋಗಿ ನಿಂತುಬಿಟ್ಟಾಗ ನಮ್ಮ ಕೈ ತಾನಾಗಿ ಭಾರ ಇಳಿಸಲು ಹೋಗುತ್ತದೆ. ಅದಕ್ಕೂ ಮೊದಲು ಸಮಯವನ್ನು ತುಂಡು ಮಾಡಿ ನೋಡಿ.

ಮನೆಯಲ್ಲಿ ಓದುತ್ತಿರುವವರು ಈ ಅಂಕಿಗಳನ್ನು ನೇರವಾಗಿ ತಮಗೆ ಹಾಕಿಕೊಳ್ಳಬೇಡಿ. 50 ವ್ಯಾಟ್ ಇವರ ಪರೀಕ್ಷೆಯಿಂದ ಬಂದ ಅಂಕಿ. ಹೃದಯದ ತೊಂದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಇರುವವರಿಗೆ ಲೆಕ್ಕವೇ ಬೇರೆ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ನೋಡಬೇಕು.

ಆಮೇಲೆ

ಆರು ತಿಂಗಳ ನಂತರ ಮರುಪರೀಕ್ಷೆಗೆ ಬಂದರು. 40 ವ್ಯಾಟ್‌ನಲ್ಲಿ 7 ನಿಮಿಷ 20 ಸೆಕೆಂಡು. ಗಳಿಸಿದ್ದರಲ್ಲಿ ಸ್ವಲ್ಪ ಜಾರಿತ್ತು. ಮನೆಯಲ್ಲಿ ಸೈಕಲ್ ಇತ್ತು, ಆದರೆ ವಾರಕ್ಕೆ ಮೂರು ದಿನ ಇದ್ದದ್ದು ಮೆಲ್ಲಗೆ ಒಂದಕ್ಕೆ ಬಂದಿತ್ತು. ಕಾರ್ಯಕ್ರಮ ಮುಗಿದ ಮೇಲೆ ಲಾಭ ಹೀಗೆ ಕರಗುವುದು ಸಾಮಾನ್ಯ. ಅವರನ್ನು ಕೇಳಿದಾಗ ಕಾರಣ ಸೋಮಾರಿತನ ಆಗಿರಲಿಲ್ಲ. ಒಬ್ಬರೇ ತುಳಿಯುವಾಗ ಏನಾದರೂ ಆದರೆ ಅನ್ನುವ ಭಯ. ಹೆಂಡತಿ ಹೊರಗೆ ಹೋದ ದಿನ ಸೈಕಲ್ ಹತ್ತುತ್ತಿರಲಿಲ್ಲ.

ಅದಕ್ಕೇ ಈ ಸಲ ವ್ಯಾಟ್ ಏರಿಸುವ ಬಗ್ಗೆ ಮಾತಾಡಲಿಲ್ಲ. ವಾರಕ್ಕೆ ಎರಡು ದಿನ ಗೊತ್ತಾದ ಹೊತ್ತಿಗೆ ನಮ್ಮ ಫಿಸಿಯೋಥೆರಪಿಸ್ಟ್ ಫೋನ್ ಮಾಡುತ್ತಾರೆ, ಸ್ಪೀಕರ್ ಹಾಕಿಟ್ಟು ಅವರು ತುಳಿಯುತ್ತಾರೆ. ಮೂರನೇ ದಿನ ಹೆಂಡತಿ ಪಕ್ಕದಲ್ಲಿ ಕೂತು ಗಡಿಯಾರ ನೋಡಿ 30 ಸೆಕೆಂಡು ಎಣಿಸುತ್ತಾರೆ. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ ಇಟ್ಟಿದ್ದೇವೆ.